‘ಜರ್ನಲ್‌ನಲ್ಲಿ ಪ್ರಕಟವಾಗಿದೆ’ ಎಂಬ ಮಾತಿನ ತೂಕ

ಸಂಪಾದಕರಿಗೆ,

ಮಾನ್ಯರೇ,

ವಿಜ್ಞಾನದ ಸುದ್ದಿಗಳ ಕೊನೆಯಲ್ಲಿ ‘ಈ ಸಂಶೋಧನೆ ಅಂತಾರಾಷ್ಟ್ರೀಯ ಜರ್ನಲ್‌ನಲ್ಲಿ ಪ್ರಕಟವಾಗಿದೆ’ ಎಂಬ ಸಾಲು ಹೆಚ್ಚಾಗಿ ಕಾಣಿಸುತ್ತದೆ. ಅದನ್ನು ಓದಿದವರು ವಿಷಯ ಅಲ್ಲಿಗೆ ಇತ್ಯರ್ಥವಾಯಿತೆಂದು ಭಾವಿಸುವುದು ಸಹಜ. ಭೌತವಿಜ್ಞಾನವನ್ನು ಕಲಿಸುತ್ತ, ಆಗಾಗ ಸಂಶೋಧನಾ ಪ್ರಬಂಧಗಳನ್ನು ಬರೆಯುತ್ತ, ಅದಕ್ಕಿಂತ ಹೆಚ್ಚಾಗಿ ಬೇರೆಯವರ ಪ್ರಬಂಧಗಳನ್ನು ಜರ್ನಲ್‌ಗಳ ಪರವಾಗಿ ಪರಿಶೀಲಿಸುತ್ತ ವೃತ್ತಿಜೀವನ ಕಳೆದವನಾದ ನನಗೆ ಆ ಸಾಲಿನ ಬಗ್ಗೆ ಬಹಳ ದಿನಗಳಿಂದ ಒಂದು ಕಳವಳವಿದೆ. ಭೌತವಿಜ್ಞಾನದಲ್ಲಿ ಪ್ರಕಟಣೆ ಎಂಬುದು ಪರೀಕ್ಷೆಯ ಆರಂಭ. ಅದನ್ನು ತೀರ್ಪಿನಂತೆ ಓದುವುದರಿಂದ ಸುದ್ದಿಯ ಓದುಗರಿಗೆ ಮಾತ್ರವಲ್ಲದೆ, ಹೊಸದೇನನ್ನೋ ಕಂಡುಕೊಂಡಿದ್ದೇನೆಂದು ನಂಬಿ ಅದನ್ನು ಎಲ್ಲಿ, ಹೇಗೆ ಮುಂದಿಡಬೇಕೆಂದು ತಿಳಿಯದೆ ಒದ್ದಾಡುವ ಯುವ ಸಂಶೋಧಕರಿಗೂ ಸ್ವತಂತ್ರ ಚಿಂತಕರಿಗೂ ನಷ್ಟವಾಗುತ್ತಿದೆ. ಈ ಪತ್ರ ಸ್ವಲ್ಪ ದೀರ್ಘವಾದೀತು, ದಯವಿಟ್ಟು ಮನ್ನಿಸಬೇಕು.

ಮೊದಲಿಗೆ, ಒಂದು ಹಸ್ತಪ್ರತಿ ಜರ್ನಲ್‌ಗೆ ತಲುಪಿದ ಮೇಲೆ ಏನಾಗುತ್ತದೆ ಎಂಬುದನ್ನು ಹೇಳಬೇಕು. ಅದನ್ನು ಮೊದಲು ನೋಡುವವರು ಸಂಪಾದಕರು. ವಿಷಯ ಆ ಜರ್ನಲ್‌ನ ವ್ಯಾಪ್ತಿಗೆ ಸೇರಿದ್ದೇ, ಅದರಲ್ಲಿ ಹೊಸದೆಂದು ಹೇಳಿಕೊಳ್ಳುವಂಥದ್ದು ಏನಾದರೂ ಇದೆಯೇ, ಈ ಹಿಂದೆ ನಡೆದ ಕೆಲಸದ ಪರಿಚಯ ಲೇಖಕರಿಗೆ ಇದೆಯೇ ಎಂದು ನೋಡಿ, ಇಲ್ಲವೆನಿಸಿದರೆ ಅಲ್ಲಿಂದಲೇ ಹಿಂದಿರುಗಿಸುತ್ತಾರೆ. ಬರುವ ಹಸ್ತಪ್ರತಿಗಳಲ್ಲಿ ಗಣನೀಯ ಪಾಲು ಈ ಹಂತದಲ್ಲಿಯೇ ನಿಂತುಹೋಗುತ್ತದೆ. ಉಳಿದವು ಆ ವಿಷಯದಲ್ಲಿ ಸ್ವತಃ ಕೆಲಸ ಮಾಡುವ ಒಬ್ಬರು, ಇಬ್ಬರು ಅಥವಾ ಮೂವರು ರೆಫರಿಗಳ, ಅಂದರೆ ಪರಿಶೀಲಕರ, ಕೈಸೇರುತ್ತವೆ. ರೆಫರಿಗಳ ಹೆಸರು ಲೇಖಕರಿಗೆ ಸಾಮಾನ್ಯವಾಗಿ ತಿಳಿಯುವುದಿಲ್ಲ. ಅವರಿಗೆ ಈ ಕೆಲಸಕ್ಕೆ ಸಂಭಾವನೆಯೂ ಸಾಮಾನ್ಯವಾಗಿ ಇರುವುದಿಲ್ಲ. ಅವರು ವರದಿ ಬರೆಯುತ್ತಾರೆ, ಲೇಖಕರು ಪ್ರತಿಯೊಂದು ಆಕ್ಷೇಪಕ್ಕೂ ಉತ್ತರ ಕೊಡುತ್ತಾರೆ, ಪ್ರಬಂಧವನ್ನು ತಿದ್ದುತ್ತಾರೆ, ಅದು ಮತ್ತೆ ರೆಫರಿಗಳ ಬಳಿಗೆ ಹೋಗುತ್ತದೆ. ಹೀಗೆ ಎರಡು ಸುತ್ತು, ಕೆಲವೊಮ್ಮೆ ಮೂರು ಸುತ್ತು ನಡೆದು ತಿಂಗಳುಗಳು ಉರುಳಿದ ಮೇಲೆ ಸಂಪಾದಕರು ತೀರ್ಮಾನ ಕೈಗೊಳ್ಳುತ್ತಾರೆ. ತೀರ್ಮಾನ ಸಂಪಾದಕರದು, ರೆಫರಿ ಕೊಡುವುದು ಸಲಹೆ ಮಾತ್ರ.

ರೆಫರಿ ಏನನ್ನು ಮಾಡುವುದಿಲ್ಲ ಎಂಬುದು ಇಷ್ಟೇ ಮುಖ್ಯ. ಆತ ಪ್ರಯೋಗವನ್ನು ಮತ್ತೆ ಮಾಡಿ ನೋಡುವುದಿಲ್ಲ, ಏಕೆಂದರೆ ಆ ಉಪಕರಣ ಆತನ ಬಳಿ ಇರುವುದಿಲ್ಲ, ಇದ್ದರೂ ಅಷ್ಟು ಸಮಯವಿರುವುದಿಲ್ಲ. ಲೆಕ್ಕದ ಪ್ರತಿಯೊಂದು ಸಾಲನ್ನೂ ಪುನಃ ಸಾಧಿಸುವುದಿಲ್ಲ. ಅನುಮಾನ ಬಂದ ಕಡೆ ಮಾತ್ರ ಕಾಗದ ಎಳೆದುಕೊಂಡು ಕೂರುತ್ತಾನೆ. ಅಳತೆಗಳನ್ನು ಲೇಖಕರು ಪ್ರಾಮಾಣಿಕವಾಗಿ ವರದಿ ಮಾಡಿದ್ದಾರೆಂಬ ವಿಶ್ವಾಸದ ಮೇಲೆಯೇ ಆತನ ಕೆಲಸ ನಿಂತಿದೆ. ಕೊಟ್ಟಿರುವ ದತ್ತಾಂಶದಿಂದ ಈ ತೀರ್ಮಾನ ಹೊರಡುತ್ತದೆಯೇ, ಬೇರೆ ಸರಳ ವಿವರಣೆ ಸಾಧ್ಯವಿಲ್ಲವೇ, ಅಳತೆಯ ಅನಿಶ್ಚಿತತೆಯನ್ನು ಹೇಳಿದ್ದಾರೆಯೇ, ಇದನ್ನು ಓದಿ ಇನ್ನೊಬ್ಬರು ಇದೇ ಪ್ರಯೋಗವನ್ನು ಮಾಡಲು ಬೇಕಾದಷ್ಟು ವಿವರವಿದೆಯೇ ಎಂದು ಕೇಳುವುದೇ ಆತನ ಕೆಲಸ. ಈ ಜರಡಿಯಲ್ಲಿ ಬಹಳಷ್ಟು ತಪ್ಪುಗಳು ಸಿಕ್ಕಿಬೀಳುತ್ತವೆ, ಎಲ್ಲವೂ ಅಲ್ಲ.

ನನ್ನ ಮೊದಲ ಪ್ರಬಂಧದ ಕಥೆಯನ್ನೇ ಹೇಳುತ್ತೇನೆ. ಲೋಹದ ತೆಳುಪೊರೆಯೊಂದರ ವಿದ್ಯುತ್ ರೋಧವನ್ನು ತಾಪ ಇಳಿಸುತ್ತ ಅಳೆದಾಗ, ಒಂದು ಹಂತದಲ್ಲಿ ರೋಧ ಇದ್ದಕ್ಕಿದ್ದಂತೆ ಕುಸಿಯುವುದನ್ನು ಕಂಡು, ಅದು ಆ ಪದಾರ್ಥದ ಹೊಸ ಗುಣವೆಂದು ನಂಬಿ, ಆರು ಪುಟಗಳ ಹಸ್ತಪ್ರತಿಯನ್ನು ಬರೆದು ಕಳುಹಿಸಿದ್ದೆ. ಅರ್ಧ ಪುಟದ ವರದಿ ಬಂತು. ರೋಧವನ್ನು ಎರಡು ತಂತಿಗಳಿಂದ ಅಳೆದಿದ್ದೀರೋ, ನಾಲ್ಕು ತಂತಿಗಳಿಂದಲೋ ಎಂಬುದು ಅದರ ಮೊದಲ ಪ್ರಶ್ನೆಯಾಗಿತ್ತು. ಎರಡೇ ತಂತಿಗಳಿಂದ ಅಳೆದರೆ ಪೊರೆಯ ರೋಧದ ಜೊತೆಗೆ ತಂತಿಯ ರೋಧವೂ, ತಂತಿಯನ್ನು ಪೊರೆಗೆ ಅಂಟಿಸಿದ ಜಾಗದ ರೋಧವೂ ಸೇರಿಕೊಳ್ಳುತ್ತವೆ. ನಾಲ್ಕು ತಂತಿ ಬಳಸಿ, ಪ್ರವಾಹವನ್ನು ಹೊರಗಿನ ಎರಡರಲ್ಲಿ ಹರಿಸಿ, ವೋಲ್ಟೇಜನ್ನು ಒಳಗಿನ ಎರಡರಲ್ಲಿ ಅಳೆದರೆ ಆ ಬೆರಕೆ ಹೊರಗುಳಿಯುತ್ತದೆ. ಪಠ್ಯಪುಸ್ತಕದಲ್ಲಿ ಓದಿದ್ದ ಈ ಮಾತು ಪ್ರಯೋಗದ ಮೇಜಿನ ಮುಂದೆ ನನಗೆ ಹೊಳೆದಿರಲಿಲ್ಲ. ನಾಲ್ಕು ತಂತಿಗಳನ್ನು ಹಾಕಿ ಮತ್ತೆ ಅಳೆದೆ. ಕುಸಿತ ಮಾಯವಾಯಿತು. ಬದಲಾಗುತ್ತಿದ್ದುದು ಅಂಟಿಸಿದ ಜಾಗ, ಪದಾರ್ಥವಲ್ಲ. ಆ ಪ್ರಬಂಧ ಎಂದೂ ಅಚ್ಚಾಗಲಿಲ್ಲ, ಮತ್ತು ಆ ರೆಫರಿ ಯಾರೆಂದು ನನಗೆ ಇಂದಿಗೂ ಗೊತ್ತಿಲ್ಲ. ಆದರೆ ಆ ಅರ್ಧ ಪುಟ ನನಗೆ ಕಲಿಸಿದಷ್ಟನ್ನು ಆ ವಯಸ್ಸಿನಲ್ಲಿ ಬೇರಾವುದೂ ಕಲಿಸಲಿಲ್ಲ. ರೆಫರಿಯ ಕುರ್ಚಿಯಲ್ಲಿ ನಾನು ಕೂರಬೇಕಾಗಿ ಬಂದಾಗಲೆಲ್ಲ ಅಂಥದೇ ಸ್ಪಷ್ಟತೆಯಿಂದ ಬರೆಯಲು ಪ್ರಯತ್ನಿಸಿದ್ದೇನೆ.

ರೆಫರಿಯ ಪರಿಶೀಲನೆ ಸಾಮಾನ್ಯರಿಗೆ ಮಾತ್ರ ಬೇಕಾದದ್ದು, ಮೇಧಾವಿಗಳಿಗಲ್ಲ ಎಂದುಕೊಳ್ಳುವವರು 1936ರಲ್ಲಿ ನಡೆದ ಒಂದು ಪ್ರಸಂಗವನ್ನು ತಿಳಿಯಬೇಕು. ಆ ವರ್ಷ ಐನ್‌ಸ್ಟೈನ್ ಮತ್ತು ಅವರ ಸಹೋದ್ಯೋಗಿ ನೇಥನ್ ರೋಸೆನ್ ಅವರು ಗುರುತ್ವದ ಅಲೆಗಳು, ಅಂದರೆ ದೇಶ-ಕಾಲದಲ್ಲಿ ಏಳುವ ಕಂಪನಗಳು, ಇರಲಾರವು ಎಂಬ ತೀರ್ಮಾನದ ಪ್ರಬಂಧವೊಂದನ್ನು ಅಮೆರಿಕದ ‘ಫಿಸಿಕಲ್ ರಿವ್ಯೂ’ ಜರ್ನಲ್‌ಗೆ ಕಳುಹಿಸಿದರು. ಸಂಪಾದಕ ಜಾನ್ ಟೇಟ್ ಅದನ್ನು ಒಬ್ಬ ರೆಫರಿಗೆ ತೋರಿಸಿ, ಬಂದ ವಿಸ್ತಾರವಾದ ಆಕ್ಷೇಪಗಳನ್ನು ಐನ್‌ಸ್ಟೈನರಿಗೆ ಕಳುಹಿಸಿಕೊಟ್ಟರು. ಜರ್ಮನಿಯ ಜರ್ನಲ್‌ಗಳಲ್ಲಿ ತಾವು ಕಳುಹಿಸಿದ್ದು ಹಾಗೆಯೇ ಅಚ್ಚಾಗುವುದನ್ನು ಕಂಡಿದ್ದ ಐನ್‌ಸ್ಟೈನ್, ಅಚ್ಚಾಗುವ ಮೊದಲು ತಜ್ಞರಿಗೆ ತೋರಿಸಲು ನಾವು ನಿಮಗೆ ಅನುಮತಿ ಕೊಟ್ಟಿರಲಿಲ್ಲ ಎಂಬರ್ಥದ ಸಿಟ್ಟಿನ ಪತ್ರ ಬರೆದು ಪ್ರಬಂಧವನ್ನು ಹಿಂದಕ್ಕೆ ಪಡೆದರು. ಆದರೆ ರೆಫರಿಯ ಆಕ್ಷೇಪ ಸರಿಯಾಗಿತ್ತು. ಐನ್‌ಸ್ಟೈನ್ ಮತ್ತು ರೋಸೆನ್ ಕಂಡಿದ್ದ ತೊಡಕು, ಸ್ಥಾನ-ಕಾಲಗಳನ್ನು ಗುರುತಿಸಲು ಅವರು ಆಯ್ದುಕೊಂಡ ನಿರ್ದೇಶಾಂಕಗಳದು, ಅಲೆಗಳದ್ದಲ್ಲ. ಕೆಲವೇ ತಿಂಗಳಲ್ಲಿ ಐನ್‌ಸ್ಟೈನರಿಗೂ ತಪ್ಪು ಮನವರಿಕೆಯಾಗಿ, 1937ರಲ್ಲಿ ಪ್ರಬಂಧ ಬೇರೊಂದು ಜರ್ನಲ್‌ನಲ್ಲಿ ಅಚ್ಚಾದಾಗ ಅದರ ತೀರ್ಮಾನ ತಿರುವುಮುರುವಾಗಿತ್ತು: ಅಲೆಗಳು ಇರಬಲ್ಲವು. ಆ ರೆಫರಿ ಹೊವರ್ಡ್ ಪರ್ಸಿ ರಾಬರ್ಟ್‌ಸನ್ ಎಂಬುದು ಬಹಳ ವರ್ಷಗಳ ನಂತರ ಜರ್ನಲ್‌ನ ದಾಖಲೆಗಳಿಂದ ಬೆಳಕಿಗೆ ಬಂತು. ಅದೇ ಅಲೆಗಳನ್ನು 2015ರ ಸೆಪ್ಟೆಂಬರ್ 14ರಂದು ಅಮೆರಿಕದ ಲೈಗೊ ಉಪಕರಣಗಳು ಮೊದಲ ಬಾರಿಗೆ ನೇರವಾಗಿ ಗುರುತಿಸಿದವು. ಸಂಶೋಧಕರು ಅಂದೇ ಸುದ್ದಿಗೋಷ್ಠಿ ಕರೆಯಲಿಲ್ಲ. ಐದು ತಿಂಗಳ ಕಾಲ ತಮ್ಮ ತಮ್ಮಲ್ಲೇ ಪರಿಶೀಲಿಸಿ, ಫಿಸಿಕಲ್ ರಿವ್ಯೂ ಕುಟುಂಬದ್ದೇ ಆದ ‘ಫಿಸಿಕಲ್ ರಿವ್ಯೂ ಲೆಟರ್ಸ್’ ಜರ್ನಲ್‌ನ ರೆಫರಿಗಳ ಪರೀಕ್ಷೆ ಮುಗಿದ ಮೇಲೆ, 2016ರ ಫೆಬ್ರುವರಿ 11ರಂದು ಪ್ರಬಂಧ ಹೊರಬಂದ ದಿನವೇ ಜಗತ್ತಿಗೆ ತಿಳಿಸಿದರು.

ರೆಫರಿಗಳೂ ಸಂಪಾದಕರೂ ಎಡವುತ್ತಾರೆ ಎಂಬುದನ್ನು ನಾನು ಮುಚ್ಚಿಡುವುದಿಲ್ಲ. 1964ರಲ್ಲಿ ಬ್ರಿಟನ್ನಿನ ಭೌತವಿಜ್ಞಾನಿ ಪೀಟರ್ ಹಿಗ್ಸ್ ಬರೆದ ಎರಡನೆಯ ಕಿರುಪ್ರಬಂಧವನ್ನು ‘ಫಿಸಿಕ್ಸ್ ಲೆಟರ್ಸ್’ ಜರ್ನಲ್ ತಿರಸ್ಕರಿಸಿತು. ಹಿಗ್ಸ್ ಸುಮ್ಮನಾಗಲಿಲ್ಲ; ತನ್ನ ಮಾತಿನಿಂದ ಅಳೆಯಬಹುದಾದ ಪರಿಣಾಮ ಏನು ಹೊರಡುತ್ತದೆ ಎಂಬುದನ್ನು ಓದುಗರಿಗೆ ತೋರಿಸಲು ಕೊನೆಯಲ್ಲಿ ಒಂದಿಷ್ಟು ಸೇರಿಸಿ, ದ್ರವ್ಯರಾಶಿಯುಳ್ಳ ಹೊಸ ಕಣವೊಂದರ ಪ್ರಸ್ತಾಪ ಮಾಡಿ, ಪ್ರಬಂಧವನ್ನು ಫಿಸಿಕಲ್ ರಿವ್ಯೂ ಲೆಟರ್ಸ್‌ಗೆ ಕಳುಹಿಸಿದರು. ಅದು ಅದೇ ವರ್ಷ ಅಚ್ಚಾಯಿತು. ಮುಂದೆ ಹಿಗ್ಸ್ ಬೋಸಾನ್ ಎಂದು ಹೆಸರಾದ ಆ ಕಣ ಪ್ರಯೋಗದಲ್ಲಿ ಸಿಕ್ಕಿತೆಂದು 2012ರ ಜುಲೈ 4ರಂದು ಘೋಷಣೆಯಾಯಿತು. ತಿರಸ್ಕಾರ ಅನ್ಯಾಯವೆನಿಸಿದಾಗಲೂ ಅದರಿಂದ ಪ್ರಬಂಧ ಉತ್ತಮಗೊಳ್ಳಬಹುದು ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆಯನ್ನು ನಾನು ಕಾಣೆ. ತಿರಸ್ಕೃತರಾದವರಿಗೆ ಮೇಲ್ಮನವಿಯ ಅವಕಾಶವನ್ನೂ ಒಳ್ಳೆಯ ಜರ್ನಲ್‌ಗಳು ಇಟ್ಟಿವೆ. ಆದರೆ ಮೇಲ್ಮನವಿಯಲ್ಲಿ ಬರೆಯಬೇಕಾದದ್ದು ರೆಫರಿಯ ಯಾವ ವಾಕ್ಯ ಏಕೆ ತಪ್ಪು ಎಂಬುದನ್ನು. ರೆಫರಿಯ ಯೋಗ್ಯತೆಯ ಬಗ್ಗೆ ಅಲ್ಲ.

ಇನ್ನು ತಪ್ಪಾದದ್ದು ಅಚ್ಚಾಗುವ ವಿಷಯ. ಈ ಶತಮಾನದ ಆರಂಭದಲ್ಲಿ ಅಮೆರಿಕದ ಬೆಲ್ ಲ್ಯಾಬ್ಸ್ ಪ್ರಯೋಗಾಲಯದಲ್ಲಿದ್ದ ಯಾನ್ ಹೆಂಡ್ರಿಕ್ ಶೋನ್ ಎಂಬ ಯುವ ಭೌತವಿಜ್ಞಾನಿ ಸಾವಯವ ಹರಳುಗಳಲ್ಲಿ ಅತಿವಾಹಕತೆ (ರೋಧವೇ ಇಲ್ಲದೆ ವಿದ್ಯುತ್ ಹರಿಯುವ ಗುಣ), ಒಂದೇ ಅಣುವಿನ ಟ್ರಾನ್ಸಿಸ್ಟರ್ ಮುಂತಾದ ಬೆರಗು ಹುಟ್ಟಿಸುವ ಫಲಿತಾಂಶಗಳನ್ನು ಒಂದರ ಹಿಂದೆ ಒಂದರಂತೆ ‘ನೇಚರ್’, ‘ಸೈನ್ಸ್’ನಂಥ ಮುಂಚೂಣಿಯ ಜರ್ನಲ್‌ಗಳಲ್ಲಿ ಪ್ರಕಟಿಸಿದರು. ರೆಫರಿಗಳು ಒಪ್ಪಿದ್ದರು, ಸಂಪಾದಕರು ಒಪ್ಪಿದ್ದರು, ಸಹಲೇಖಕರೂ ಒಪ್ಪಿದ್ದರು. ಜಗತ್ತಿನ ಅನೇಕ ಪ್ರಯೋಗಾಲಯಗಳಲ್ಲಿ ಸಂಶೋಧನಾ ವಿದ್ಯಾರ್ಥಿಗಳು ಆ ಪ್ರಯೋಗಗಳನ್ನು ಪುನಃ ಮಾಡಲು ಹೊರಟು ಸೋತು, ದೋಷ ತಮ್ಮದೇ ಇರಬೇಕೆಂದು ಕೊರಗಿದರು. ಕೊನೆಗೆ 2002ರಲ್ಲಿ ಬೇರೆ ವಿಶ್ವವಿದ್ಯಾಲಯಗಳ ಸಂಶೋಧಕರು ಅವರ ಪ್ರಬಂಧಗಳನ್ನು ಪಕ್ಕಪಕ್ಕದಲ್ಲಿಟ್ಟು ನೋಡಿದಾಗ, ಬೇರೆ ಬೇರೆ ಪ್ರಯೋಗಗಳೆಂದು ಹೇಳಲಾಗಿದ್ದ ನಕ್ಷೆಗಳಲ್ಲಿ ಗೆರೆಯ ಸಣ್ಣ ಸಣ್ಣ ನಡುಕ ಕೂಡ ಒಂದೇ ತೆರನಾಗಿರುವುದು ಕಣ್ಣಿಗೆ ಬಿತ್ತು. ಯಾವ ಅಳತೆಯಲ್ಲಾದರೂ ಆಕಸ್ಮಿಕವಾಗಿ ಬರುವ ಆ ನಡುಕ ಎರಡು ಪ್ರಯೋಗಗಳಲ್ಲಿ ಒಂದೇ ರೀತಿ ಬರಲು ಸಾಧ್ಯವೇ ಇಲ್ಲ. ವಿಚಾರಣಾ ಸಮಿತಿ ಪರಿಶೀಲಿಸಿದ 24 ಆರೋಪಗಳಲ್ಲಿ 16ರಲ್ಲಿ ಶೋನ್ ತಪ್ಪಿತಸ್ಥರೆಂದು ಕಂಡುಬಂತು. ಮೂಲ ದತ್ತಾಂಶ ಉಳಿದಿರಲಿಲ್ಲ. ಜರ್ನಲ್‌ಗಳು ಪ್ರಬಂಧಗಳನ್ನು ಹಿಂಪಡೆದವು. ಅಚ್ಚಾಗುವ ಮುನ್ನ ನಡೆದ ಪರಿಶೀಲನೆಗೆ ಸಿಗದಿದ್ದ ವಂಚನೆ, ಅಚ್ಚಾದ ನಂತರ ಎಲ್ಲರ ಕಣ್ಣಿಗೆ ಬಿದ್ದದ್ದರಿಂದ ಸಿಕ್ಕಿತು. ಪ್ರಕಟಣೆಯ ನಿಜವಾದ ಉಪಯೋಗ ನನಗೆ ಇಲ್ಲಿ ಕಾಣುತ್ತದೆ. ಗುಟ್ಟಾಗಿ ಉಳಿದಿದ್ದರೆ ಆ ನಕ್ಷೆಗಳನ್ನು ಯಾರೂ ಜೋಡಿಸಿ ನೋಡುತ್ತಿರಲಿಲ್ಲ.

ಇದಕ್ಕೆ ವಿರುದ್ಧವಾದ, ನನಗೆ ಬಹಳ ಗೌರವವಿರುವ ಇನ್ನೊಂದು ಪ್ರಸಂಗವಿದೆ. 2011ರ ಸೆಪ್ಟೆಂಬರ್‌ನಲ್ಲಿ ಒಪೆರಾ ಎಂಬ ಪ್ರಯೋಗದ ಸಂಶೋಧಕರು, ಜಿನೀವಾ ಬಳಿಯ ಸರ್ನ್ ಕಣಭೌತಶಾಸ್ತ್ರ ಪ್ರಯೋಗಾಲಯದಿಂದ ಇಟಲಿಯ ಗ್ರಾನ್ ಸಾಸ್ಸೊ ಪ್ರಯೋಗಾಲಯಕ್ಕೆ ನೆಲದಡಿಯಲ್ಲಿ ಸುಮಾರು 730 ಕಿಲೋಮೀಟರ್ ಸಾಗಿಬರುವ ನ್ಯೂಟ್ರಿನೊಗಳೆಂಬ ಸೂಕ್ಷ್ಮ ಕಣಗಳು ಬೆಳಕಿಗಿಂತ ಸುಮಾರು 60 ನ್ಯಾನೊಸೆಕೆಂಡ್ ಮೊದಲೇ ತಲುಪುತ್ತಿರುವಂತೆ ಕಾಣುತ್ತಿದೆ ಎಂದು ತಿಳಿಸಿದರು. ಐನ್‌ಸ್ಟೈನರ ಸಾಪೇಕ್ಷತಾ ಸಿದ್ಧಾಂತದ ಪ್ರಕಾರ ಬೆಳಕಿಗಿಂತ ವೇಗವಾಗಿ ಯಾವ ಕಣವೂ ಸಾಗಲಾರದು. ನಾವು ಬಹಳ ಹುಡುಕಿದರೂ ದೋಷ ಸಿಕ್ಕಿಲ್ಲ, ದಯವಿಟ್ಟು ನೀವೂ ಪರಿಶೀಲಿಸಿ ಎಂಬುದು ಅವರ ಕೋರಿಕೆಯಾಗಿತ್ತು. ಸುದ್ದಿಮಾಧ್ಯಮಗಳಲ್ಲಿ ಆ ಕೋರಿಕೆ ಸಣ್ಣಕ್ಷರಕ್ಕೆ ಇಳಿದು, ‘ಐನ್‌ಸ್ಟೈನ್ ಸೋತರೇ?’ ಎಂಬ ಧಾಟಿಯ ಶೀರ್ಷಿಕೆಗಳು ದಪ್ಪಕ್ಷರದಲ್ಲಿ ಬಂದವು. ಕೆಲವು ತಿಂಗಳಲ್ಲಿ ಕಾಲವನ್ನು ಹೊಂದಿಸುವ ಉಪಕರಣಕ್ಕೆ ಸಂಕೇತ ತರುತ್ತಿದ್ದ ಫೈಬರ್ ಕೇಬಲ್ ಒಂದು ಸರಿಯಾಗಿ ಕೂತಿರಲಿಲ್ಲ ಎಂಬುದು ಪತ್ತೆಯಾಯಿತು. ಅದನ್ನೂ ಅವರೇ ಹುಡುಕಿ, ಅವರೇ ಹೇಳಿದರು. ಬರವಣಿಗೆಯ ಸಂಯಮ ಎಂದರೆ ಏನೆಂಬುದಕ್ಕೆ ಭೌತವಿಜ್ಞಾನಿಗಳಾದ ಬೆಡ್‌ನೋರ್ಜ್ ಮತ್ತು ಮ್ಯುಲರ್ ಅವರ 1986ರ ಪ್ರಬಂಧವನ್ನೂ ನೆನೆಯಬೇಕು. ಅಲ್ಲಿಯವರೆಗೆ ಯಾರೂ ಕಾಣದಷ್ಟು ಹೆಚ್ಚಿನ ತಾಪದಲ್ಲಿ ಅತಿವಾಹಕತೆಯ ಸುಳಿವು ಕಂಡಿದ್ದ ಅವರು ಪ್ರಬಂಧದ ಹೆಸರಿನಲ್ಲಿಯೇ ಅದು ‘ಸಂಭವನೀಯ’ ಎಂಬ ಪದವನ್ನು ಇಟ್ಟಿದ್ದರು. ಮರುವರ್ಷವೇ ಅವರಿಗೆ ನೊಬೆಲ್ ಬಂತು. ಹೆಸರಿನಲ್ಲಿದ್ದ ಆ ವಿನಯದಿಂದ ಅವರು ಏನನ್ನೂ ಕಳೆದುಕೊಳ್ಳಲಿಲ್ಲ.

ಈಗ ಸ್ವಂತ ಸಂಶೋಧನೆಯನ್ನು ಪ್ರಕಟಿಸಬೇಕೆಂದಿರುವವರಿಗೆ ನೇರವಾಗಿ ಕೆಲವು ಮಾತು. ಸ್ವಂತದ್ದು, ಹೊಸತು ಎಂದರೆ ದೊಡ್ಡದು ಎಂದರ್ಥವಲ್ಲ. ಈಗಾಗಲೇ ತಿಳಿದಿರುವ ಒಂದು ಸ್ಥಿರಾಂಕವನ್ನು ಹಿಂದಿನವರಿಗಿಂತ ಕಡಿಮೆ ಅನಿಶ್ಚಿತತೆಯಲ್ಲಿ ಅಳೆದದ್ದು ಹೊಸತು. ಇರಬಹುದೆಂದು ಊಹಿಸಿದ್ದ ಪರಿಣಾಮವನ್ನು ಹುಡುಕಿ, ಇಂತಿಷ್ಟರ ಮಟ್ಟಿಗೆ ಅದು ಇಲ್ಲ ಎಂದು ತೋರಿಸಿದ್ದೂ ಹೊಸತು. ನನ್ನ ಬಳಿಗೆ ಬರುವ ಹಸ್ತಪ್ರತಿಗಳಲ್ಲಿ ಕೆಲವು ಮಾತ್ರ ಸಾಪೇಕ್ಷತಾ ಸಿದ್ಧಾಂತವನ್ನೋ ಕ್ವಾಂಟಂ ಸಿದ್ಧಾಂತವನ್ನೋ ಒಂದೇ ಏಟಿಗೆ ಕೆಡವಲು ಹೊರಟಿರುತ್ತವೆ. ಅವನ್ನು ಬರೆದವರ ಶ್ರದ್ಧೆಯನ್ನು ನಾನು ಎಂದೂ ಹಗುರವಾಗಿ ಕಂಡಿಲ್ಲ. ಎಷ್ಟೋ ಜನ ವರ್ಷಗಟ್ಟಲೆ ರಾತ್ರಿಗಳನ್ನು ಅದಕ್ಕಾಗಿ ಕಳೆದಿರುತ್ತಾರೆ. ಆದರೆ ಹಳೆಯ ಸಿದ್ಧಾಂತವನ್ನು ತೆಗೆದುಹಾಕುವವರು ಅದು ಹೊತ್ತಿರುವ ಭಾರವನ್ನೂ ತಾವು ಹೊರಬೇಕಾಗುತ್ತದೆ. ಜಿಪಿಎಸ್ ಉಪಗ್ರಹಗಳ ಗಡಿಯಾರಗಳನ್ನು ನೋಡಿ. ವೇಗದ ಕಾರಣದಿಂದ ಅವು ದಿನಕ್ಕೆ ಸುಮಾರು 7 ಮೈಕ್ರೊಸೆಕೆಂಡ್ ನಿಧಾನವಾಗುತ್ತವೆ, ಗುರುತ್ವ ಕಡಿಮೆಯಿರುವ ಎತ್ತರದಲ್ಲಿ ಇರುವುದರಿಂದ ಸುಮಾರು 45 ಮೈಕ್ರೊಸೆಕೆಂಡ್ ಮುಂದೋಡುತ್ತವೆ. ಒಟ್ಟಾರೆ ನೆಲದ ಗಡಿಯಾರಕ್ಕಿಂತ ದಿನಕ್ಕೆ 38 ಮೈಕ್ರೊಸೆಕೆಂಡ್ ಮುಂದೆ. ಇದನ್ನು ಸರಿಪಡಿಸದೆ ಬಿಟ್ಟರೆ ಒಂದೇ ದಿನದಲ್ಲಿ ಸ್ಥಾನದ ಲೆಕ್ಕ ಹತ್ತು ಕಿಲೋಮೀಟರ್‌ಗೂ ಮಿಕ್ಕಿ ತಪ್ಪುತ್ತದೆ. ಸಾಪೇಕ್ಷತಾ ಸಿದ್ಧಾಂತ ಈ ಸಂಖ್ಯೆಯನ್ನು ಕೊಡುತ್ತದೆ. ಹೊಸ ಸಿದ್ಧಾಂತವೂ ಇದೇ 38ನ್ನು ಕೊಡಬೇಕು. ಅದರ ಮೇಲೆ, ಹಳೆಯದು ಕೊಡದ, ಯಾರಾದರೂ ಅಳೆದು ನೋಡಬಹುದಾದ ಇನ್ನೊಂದು ಸಂಖ್ಯೆಯನ್ನೂ ಕೊಡಬೇಕು. ಸಂಖ್ಯೆಯೇ ಇಲ್ಲದ, ವಿವರಣೆ ಮಾತ್ರವಿರುವ ಹಸ್ತಪ್ರತಿಯನ್ನು ರೆಫರಿ ಯಾವ ಕಡೆಯಿಂದ ಪರೀಕ್ಷಿಸಬೇಕು ಹೇಳಿ.

ಪದವಿ ಇಲ್ಲದವರನ್ನು, ದೊಡ್ಡ ಸಂಸ್ಥೆಯ ವಿಳಾಸವಿಲ್ಲದವರನ್ನು ಜರ್ನಲ್‌ಗಳು ಒಳಗೆ ಬಿಡುವುದಿಲ್ಲ ಎಂಬ ಮಾತು ಪದೇ ಪದೇ ಕೇಳಿಬರುತ್ತದೆ. ಒಳ್ಳೆಯ ಜರ್ನಲ್‌ಗಳು ಹಸ್ತಪ್ರತಿ ಕಳುಹಿಸುವವರ ಪದವಿಯನ್ನು ಕೇಳುವುದಿಲ್ಲ. ವಿಳಾಸದ ಪ್ರಭಾವ ರೆಫರಿಯ ಮನಸ್ಸಿನ ಮೇಲೆ ಎಳ್ಳಷ್ಟೂ ಆಗುವುದಿಲ್ಲ ಎಂದು ನಾನು ಹೇಳಲಾರೆ, ರೆಫರಿಗಳೂ ಮನುಷ್ಯರೇ. ಆದರೂ ಬಾಗಿಲಿಗೆ ಬೀಗವಿಲ್ಲ. 1905ರಲ್ಲಿ ಪೇಟೆಂಟ್ ಕಚೇರಿಯ ನೌಕರನಾಗಿದ್ದ ಐನ್‌ಸ್ಟೈನರ ಪ್ರಬಂಧಗಳು ‘ಅನ್ನಾಲೆನ್ ಡೆರ್ ಫಿಸೀಕ್’ನಲ್ಲಿ ಅಚ್ಚಾದುದನ್ನು ಇದಕ್ಕೆ ಸಾಕ್ಷಿಯಾಗಿ ಹೇಳುವುದುಂಟು. ಅದು ನಿಜ, ಜೊತೆಗೆ ಅವರು ಆ ವೇಳೆಗೆ ಭೌತವಿಜ್ಞಾನದಲ್ಲಿ ಕ್ರಮಬದ್ಧ ಶಿಕ್ಷಣ ಪಡೆದಿದ್ದರು, ಅದೇ ಜರ್ನಲ್‌ನಲ್ಲಿ 1901ರಿಂದಲೇ ಬರೆಯುತ್ತಿದ್ದರು ಎಂಬುದೂ ಅಷ್ಟೇ ನಿಜ. 1924ರಲ್ಲಿ ಢಾಕಾದಲ್ಲಿದ್ದ ಸತ್ಯೇಂದ್ರನಾಥ ಬೋಸ್ ಪ್ಲಾಂಕ್‌ನ ವಿಕಿರಣ ನಿಯಮವನ್ನು ಹೊಸ ರೀತಿಯಲ್ಲಿ ಸಾಧಿಸಿದ ಚಿಕ್ಕ ಹಸ್ತಪ್ರತಿಯನ್ನು ಪರಿಚಯವೇ ಇಲ್ಲದ ಐನ್‌ಸ್ಟೈನರಿಗೆ ಕಳುಹಿಸಿದಾಗ, ಅವರು ಅದನ್ನು ತಾವೇ ಜರ್ಮನ್ ಭಾಷೆಗೆ ಅನುವಾದಿಸಿ ‘ತ್ಸೈಟ್‌ಶ್ರಿಫ್ಟ್ ಫ್ಯೂರ್ ಫಿಸೀಕ್’ನಲ್ಲಿ ಪ್ರಕಟವಾಗುವಂತೆ ಮಾಡಿದರು. ಆ ಹಸ್ತಪ್ರತಿಯಲ್ಲಿ ಶಿಫಾರಸಿಗಿಂತ ಮಿಗಿಲಾದದ್ದು ಇತ್ತು: ಓದಿದವರು ಸಾಲು ಸಾಲಾಗಿ ಪರೀಕ್ಷಿಸಬಹುದಾದ ಒಂದು ಲೆಕ್ಕ.

ತಮ್ಮ ವಿಚಾರವನ್ನು ರೆಫರಿ ಕದ್ದಾನು ಎಂಬ ಭಯದಿಂದ ಹಸ್ತಪ್ರತಿಯನ್ನು ಪೆಟ್ಟಿಗೆಯಲ್ಲಿ ಇಟ್ಟುಕೊಂಡವರನ್ನು ಕಂಡಿದ್ದೇನೆ. ಪೆಟ್ಟಿಗೆಯಲ್ಲಿ ಇಟ್ಟದ್ದಕ್ಕೆ ತಾರೀಖು ಇರುವುದಿಲ್ಲ. ಜರ್ನಲ್‌ಗೆ ತಲುಪಿದ ದಿನಾಂಕವನ್ನು ಪ್ರಬಂಧದ ಮೇಲೆಯೇ ಮುದ್ರಿಸುವ ಪದ್ಧತಿ ಇರುವುದು ಇದಕ್ಕಾಗಿಯೇ. ಇಂದು ರಾಮನ್ ಪರಿಣಾಮವೆಂದು ಹೆಸರಾದ ಬೆಳಕಿನ ಚದುರುವಿಕೆಯನ್ನು ಕುರಿತ ರಾಮನ್ ಮತ್ತು ಕೃಷ್ಣನ್ ಅವರ ಟಿಪ್ಪಣಿ 1928ರ ಮಾರ್ಚ್ 31ರ ನೇಚರ್ ಸಂಚಿಕೆಯಲ್ಲಿ ಬಂತು. ಅದೇ ವಿದ್ಯಮಾನವನ್ನು ಮಾಸ್ಕೊದಲ್ಲಿ ಲ್ಯಾಂಡ್ಸ್‌ಬರ್ಗ್ ಮತ್ತು ಮ್ಯಾಂಡೆಲ್‌ಸ್ಟಾಮ್ ಹರಳುಗಳಲ್ಲಿ ಸ್ವತಂತ್ರವಾಗಿ ಕಂಡಿದ್ದರೂ ಅವರ ಪ್ರಬಂಧ ಹೊರಬಂದದ್ದು ಕೆಲವು ತಿಂಗಳ ನಂತರ. ಇಂದು ಆ ಭಯಕ್ಕೆ ಇನ್ನೂ ಸುಲಭದ ಪರಿಹಾರವಿದೆ. ಪಾಲ್ ಗಿನ್ಸ್‌ಪಾರ್ಗ್ 1991ರಲ್ಲಿ ಲಾಸ್ ಅಲಾಮೊಸ್‌ನಲ್ಲಿ ಆರಂಭಿಸಿದ, ನಂತರ ಕಾರ್ನೆಲ್ ವಿಶ್ವವಿದ್ಯಾಲಯದಲ್ಲಿ ಬೆಳೆದ ಆರ್ಕೈವ್ ಎಂಬ ಅಂತರ್ಜಾಲ ಭಂಡಾರದಲ್ಲಿ ಪ್ರಬಂಧವನ್ನು ಜರ್ನಲ್‌ಗೆ ಕಳುಹಿಸುವ ಮೊದಲೇ ಇಡಬಹುದು; ದಿನಾಂಕ ದಾಖಲಾಗುತ್ತದೆ, ಯಾರು ಬೇಕಾದರೂ ದುಡ್ಡು ಕೊಡದೆ ಓದಬಹುದು. ಹೊಸಬರು ಅಲ್ಲಿ ಪ್ರಬಂಧ ಇಡಬೇಕಾದರೆ ಆ ಕ್ಷೇತ್ರದಲ್ಲಿ ಈಗಾಗಲೇ ಬರೆದಿರುವ ಒಬ್ಬರ ಅನುಮೋದನೆ ಬೇಕಾಗಬಹುದು, ಅಷ್ಟೆ. ಆದರೆ ಅಲ್ಲಿರುವ ಪ್ರಬಂಧವನ್ನು ರೆಫರಿಗಳು ಪರಿಶೀಲಿಸಿರಲೇಬೇಕೆಂದಿಲ್ಲ ಎಂಬುದನ್ನು ಸುದ್ದಿ ಬರೆಯುವವರು ಮರೆಯಬಾರದು.

ಹಣದ ವಿಷಯಕ್ಕೆ ಬರುತ್ತೇನೆ, ಏಕೆಂದರೆ ನನ್ನನ್ನು ಅತಿಯಾಗಿ ನೋಯಿಸುವುದು ಇದೇ. ‘ನಿಮ್ಮ ಅಮೂಲ್ಯ ಸಂಶೋಧನೆಯನ್ನು ಮೂರು ದಿನಗಳಲ್ಲಿ ಪ್ರಕಟಿಸುತ್ತೇವೆ’ ಎಂಬ ಮಿಂಚಂಚೆ ಸಂಶೋಧನೆಗೆ ಕೈಹಾಕಿದ ಎಲ್ಲರಿಗೂ ಬರುತ್ತದೆ. ಅವುಗಳ ಹೆಸರಿನಲ್ಲಿ ‘ಅಂತಾರಾಷ್ಟ್ರೀಯ’ ಎಂಬ ಪದ ತಪ್ಪದೆ ಇರುತ್ತದೆ. ಕೆಲವು ಪ್ರಸಿದ್ಧ ಜರ್ನಲ್‌ನ ಹೆಸರನ್ನೇ ಒಂದಕ್ಷರ ಬದಲಿಸಿ ಇಟ್ಟುಕೊಂಡಿರುತ್ತವೆ. ನನ್ನ ಬಳಿ ಓದಿದ ವಿದ್ಯಾರ್ಥಿನಿಯೊಬ್ಬಳು ಒಂದು ವರ್ಷದ ಶ್ರಮದ ಅಳತೆಗಳನ್ನು ಇಂಥದ್ದೊಂದು ಪ್ರಕಾಶನಕ್ಕೆ ಶುಲ್ಕ ಕಟ್ಟಿ ಕೊಟ್ಟಳು. ರೆಫರಿಯ ವರದಿ ಎಂದು ಬಂದದ್ದು ಎರಡು ಸಾಲು, ಅದರಲ್ಲಿ ವಿಜ್ಞಾನದ ಒಂದು ಶಬ್ದವೂ ಇರಲಿಲ್ಲ. ಕೆಲವು ವರ್ಷಗಳಲ್ಲಿ ಆ ಜರ್ನಲ್‌ನ ಜಾಲತಾಣವೇ ಕಣ್ಮರೆಯಾಯಿತು. ಆ ಅಳತೆಗಳು ಒಳ್ಳೆಯವೇ ಆಗಿದ್ದವು. ಒಮ್ಮೆ ಅಚ್ಚಾದದ್ದನ್ನು ಬೇರೆ ಜರ್ನಲ್ ಹೊಸದೆಂದು ತೆಗೆದುಕೊಳ್ಳುವುದಿಲ್ಲವಾದ್ದರಿಂದ ಅವು ಇಂದು ಎಲ್ಲಿಯೂ ಇಲ್ಲ. ಶುಲ್ಕ ಕೇಳಿದ ಮಾತ್ರಕ್ಕೆ ಜರ್ನಲ್ ಮೋಸದ್ದೆಂದು ನಾನು ಹೇಳುತ್ತಿಲ್ಲ. ಓದುಗರಿಗೆ ಉಚಿತವಾಗಿ ಕೊಡುವ ಅನೇಕ ಗೌರವಾನ್ವಿತ ಜರ್ನಲ್‌ಗಳು ಲೇಖಕರಿಂದ ಅಥವಾ ಅವರ ಸಂಸ್ಥೆಯಿಂದ ವೆಚ್ಚ ಪಡೆಯುತ್ತವೆ. ಕಣಭೌತಶಾಸ್ತ್ರದಲ್ಲಿ 2014ರಿಂದ ಗ್ರಂಥಾಲಯಗಳೂ ಸಂಶೋಧನಾ ಸಂಸ್ಥೆಗಳೂ ಒಟ್ಟಾಗಿ ಆ ವೆಚ್ಚವನ್ನು ಭರಿಸುವ ವ್ಯವಸ್ಥೆಯೊಂದು ನಡೆಯುತ್ತಿದೆ. ಚಂದಾ ಪಡೆದು ನಡೆಯುವ ಹಲವು ಜರ್ನಲ್‌ಗಳಲ್ಲಿ ಲೇಖಕರು ಏನನ್ನೂ ಕೊಡಬೇಕಾಗಿಲ್ಲ. ಶುಲ್ಕದ ಜೊತೆಗೆ ಅವಸರ ಸೇರಿದಾಗ ಅನುಮಾನ ಪಡಬೇಕು. ನಿಮ್ಮ ಪ್ರಬಂಧದ ಕೊನೆಯಲ್ಲಿ ಉಲ್ಲೇಖಿಸಿರುವ ಪ್ರಬಂಧಗಳು ಯಾವ ಜರ್ನಲ್‌ಗಳಲ್ಲಿ ಬಂದಿವೆಯೋ ಅವುಗಳಲ್ಲೇ ಒಂದಕ್ಕೆ ನಿಮ್ಮದನ್ನೂ ಕಳುಹಿಸಿ ಎಂದು ನಾನು ವಿದ್ಯಾರ್ಥಿಗಳಿಗೆ ಹೇಳುತ್ತ ಬಂದಿದ್ದೇನೆ. ಒಂದು ಸಲಕ್ಕೆ ಒಂದಕ್ಕೆ ಮಾತ್ರ. ಏಕಕಾಲಕ್ಕೆ ಎರಡು ಕಡೆ ಕಳುಹಿಸುವುದು ತಪ್ಪು. ಪ್ರಬಂಧಗಳ ಸಂಖ್ಯೆಯನ್ನು ಎಣಿಸಿ ಹುದ್ದೆ, ಬಡ್ತಿ ಕೊಡುವ ಪದ್ಧತಿ ಇರುವವರೆಗೆ ಮೂರು ದಿನದ ಆಮಿಷಕ್ಕೆ ಬೀಳುವವರು ಇದ್ದೇ ಇರುತ್ತಾರೆ. ಆ ಹೊಣೆ ವಿದ್ಯಾರ್ಥಿಗಳದಲ್ಲ, ಎಣಿಸುವವರದು.

ತಮ್ಮ ಪತ್ರಿಕೆಗೆ ನನ್ನ ಕೋರಿಕೆ ಇಷ್ಟು. ಸಂಶೋಧನೆಯ ಸುದ್ದಿ ಪ್ರಕಟಿಸುವಾಗ ‘ಅಂತಾರಾಷ್ಟ್ರೀಯ ಜರ್ನಲ್’ ಎಂದು ಬಿಡದೆ ಜರ್ನಲ್‌ನ ಹೆಸರನ್ನು ಕೊಡಿ, ಆಸಕ್ತರು ಹುಡುಕಿ ನೋಡಲಿ. ರೆಫರಿಗಳು ಪರಿಶೀಲಿಸಿದ ಪ್ರಬಂಧವೋ, ಆರ್ಕೈವ್‌ನಲ್ಲಿ ಇಟ್ಟ, ಇನ್ನೂ ಪರಿಶೀಲನೆಯಾಗದ ಪ್ರೀಪ್ರಿಂಟೋ, ಸುದ್ದಿಗೋಷ್ಠಿಯ ಹೇಳಿಕೆ ಮಾತ್ರವೋ ಎಂಬುದನ್ನು ಸ್ಪಷ್ಟವಾಗಿ ಹೇಳಿ. ಅದೇ ವಿಷಯದಲ್ಲಿ ಕೆಲಸ ಮಾಡುವ, ಆದರೆ ಆ ಪ್ರಬಂಧದ ಲೇಖಕರಲ್ಲದ ಒಬ್ಬರ ಅಭಿಪ್ರಾಯವನ್ನು ಕೇಳಿ ಬರೆಯಿರಿ. ಅಳತೆಯ ಜೊತೆಗೆ ಅನಿಶ್ಚಿತತೆಯನ್ನೂ ಮುದ್ರಿಸಿ. ಕಣಭೌತಶಾಸ್ತ್ರದವರು ಐದು ಸಿಗ್ಮಾ ಸಿಗುವವರೆಗೆ, ಅಂದರೆ ಹೊಸದೇನೂ ಇಲ್ಲದಿದ್ದರೂ ಬರೀ ಆಕಸ್ಮಿಕದಿಂದ ಅಂಥ ಫಲಿತಾಂಶ ಕಾಣುವ ಸಾಧ್ಯತೆ ಸುಮಾರು 35 ಲಕ್ಷದಲ್ಲಿ ಒಂದಕ್ಕೆ ಇಳಿಯುವವರೆಗೆ, ಶೋಧವೆಂಬ ಪದವನ್ನೇ ಬಳಸುವುದಿಲ್ಲ ಎಂಬುದನ್ನು ಓದುಗರು ತಿಳಿದರೆ ಸುದ್ದಿಯ ರುಚಿ ಹೆಚ್ಚುತ್ತದೆಯೇ ಹೊರತು ಕಡಿಮೆಯಾಗುವುದಿಲ್ಲ. ಪ್ರಬಂಧವೊಂದನ್ನು ಜರ್ನಲ್ ಹಿಂಪಡೆದಾಗ, ಅದರ ಬಗ್ಗೆ ತಾವು ಮೊದಲು ಸುದ್ದಿ ಮಾಡಿದ್ದರೆ, ಹಿಂಪಡೆದ ಸುದ್ದಿಯನ್ನೂ ಅದೇ ಪುಟದಲ್ಲಿ, ಅಷ್ಟೇ ಜಾಗ ಕೊಟ್ಟು ಪ್ರಕಟಿಸಿ.

ಇನ್ನೊಂದು ಮಾತು. ತಮ್ಮ ಓದುಗರಲ್ಲಿ ಯಾರಾದರೂ ಭೌತವಿಜ್ಞಾನದ ಹಸ್ತಪ್ರತಿ ಬರೆದಿಟ್ಟುಕೊಂಡು ಯಾರಿಗೆ ತೋರಿಸಬೇಕೆಂದು ತಿಳಿಯದೆ ಇದ್ದರೆ, ತಮ್ಮ ಕಚೇರಿಯ ಮೂಲಕ ನನಗೆ ತಲುಪಿಸಲಿ. ನನಗೆ ತಿಳಿದ ವಿಷಯವಾಗಿದ್ದರೆ ಪೂರ್ತಿ ಓದಿ, ಎಲ್ಲಿ ಒಪ್ಪಿಗೆ ಇದೆ, ಎಲ್ಲಿ ಇಲ್ಲ, ಏಕೆ ಇಲ್ಲ ಎಂಬುದನ್ನು ಬರೆದು ಕಳುಹಿಸುತ್ತೇನೆ. ಅರ್ಧ ಪುಟವಾದರೂ ಬರೆಯುತ್ತೇನೆ.

ಇಂತಿ ತಮ್ಮ ವಿಶ್ವಾಸಿ,
ನಿವೃತ್ತ ಭೌತವಿಜ್ಞಾನ ಅಧ್ಯಾಪಕ